ಮಗೂಗೆ ನೀವು ಏನಾಗಬೇಕು

ಹುಣಸೂರು
೨೧ ಆಗಸ್ಟ್ ೨೦೨೪

ಪ್ರೀತಿಯ ಶ್ಯಾಮಲಾ,

ನೀನು, ಅತ್ತೆ ಇಬ್ಬರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನ್ ಮಾಡಿದಾಗಲೆಲ್ಲ ಅತ್ತೆ 'ಇಲ್ಲೇ ಅವ್ಳೆ, ಕೊಡ್ತೀನಿ' ಎಂದು ನಿನ್ನ ಕೈಗೆ ಕೊಡುತ್ತಾರೆ. ಆಮೇಲೆ ನಿನ್ನ ತವರು ಮಿರ್ಲೆಯ ಕೋಳಿಗಳ ಸದ್ದಷ್ಟೇ ಕೇಳುತ್ತದೆ. ಕಾಗದವಾದರೆ ಆ ಕಷ್ಟವಿಲ್ಲ. ಅದು ಎದುರಿಗೆ ನಿಂತು ಕಾಯುವುದಿಲ್ಲ.

ಇಂಗ್ಲಿಷ್ ಮೇಷ್ಟ್ರಾಗುವ ತರಬೇತಿ ಅರ್ಧ ಮುಗಿಯಿತು. ಇಷ್ಟು ವರ್ಷ ಕನ್ನಡ, ಗಣಿತ ಹೇಳಿಕೊಟ್ಟವನು ಈಗ ಬೆಂಚಿನ ಮೇಲೆ ಕೂತು 'ದಿಸ್ ಈಸ್ ಮೈ ಹ್ಯಾಂಡ್' ಎನ್ನುತ್ತೇನೆ. ಹಾಗೆ ಹೇಳಿ ನೋಡಿಕೊಂಡರೆ ಬೇರೆ ಯಾರದೋ ಕೈ ಅನ್ನಿಸುತ್ತದೆ. ಸುತ್ತಲ ಊರುಗಳಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಲ್ಲಿ ಒಲೆ ಹೊತ್ತಿಸಿದ್ದಾರೆ. ಮಧ್ಯಾಹ್ನ ಆ ಸಿಹಿ ಘಾಟು ಕಿಟಕಿಯಿಂದ ಬಂದು ನಮ್ಮ ನಡುವೆ ಕೂರುತ್ತದೆ. ಎಲ್ಲರೂ ಅರ್ಧ ನಿದ್ದೆಯಲ್ಲೇ ಇಂಗ್ಲಿಷ್ ಮಾತಾಡುತ್ತೇವೆ.

ಕಲಿಸುವವಳು ಗೌತಮಿ, ಮೈಸೂರಿನ ಹುಡುಗಿ. ನಮ್ಮ ಕಡೆಯವರ ಬಾಯಲ್ಲಿ ಹಕಾರ ಉದುರಿಹೋಗುತ್ತದೆಂದು ಎಲ್ಲರ ಕೈಗೂ ತೆಳುವಾದ ಕಾಗದದ ಪಟ್ಟಿ ಕೊಟ್ಟಳು. ತುಟಿಯ ಮುಂದೆ ಹಿಡಿದು 'ಹೌಸ್' ಎಂದರೆ ಅದು ಅಲುಗಬೇಕು. ರಾವಂದೂರಿನ ಮಹದೇವಪ್ಪನವರದು ಅಲುಗಲೇ ಇಲ್ಲ. 'ಆ ಅಕ್ಸರಾವ ಅಳ್ಳೀಲೇ ಬುಟ್ಟು ಬಂದಿವ್ನಿ ಕಣಮ್ಮಾ, ಶನಿವಾರ ಓದಾಗ ತತ್ತೀನಿ' ಎಂದರು. ಮುಂದಿನ ಸರದಿಯಲ್ಲಿ ಮೊಟ್ಟೆಗೆ 'ಹೆಗ್' ಎಂದು ಕಾಗದವನ್ನೇ ಹಾರಿಸಿಬಿಟ್ಟರು. ನಕ್ಕು ಮುಗಿದ ಮೇಲೆ ಉಸಿರಿನ ಅಭ್ಯಾಸ ಶುರುವಾಗಿ, ಕೋಣೆಯಲ್ಲಿ ಕಾಗದಗಳಷ್ಟೇ ಅಲುಗುತ್ತಿದ್ದವು. ದನಿಯಿಲ್ಲ, ಬರೀ ಉಸಿರು. ನನಗೆ ನಿನ್ನ ಫೋನು ನೆನಪಾಯಿತು.

ಅವಳು ಇನ್ನೊಂದು ವಿಷಯ ಹೇಳಿದಳು. ಹೊಸ ಭಾಷೆಯೊಳಗೆ ಬಂದ ಮಗು ತಿಂಗಳುಗಟ್ಟಲೆ ಮಾತಾಡದೆ ಇರಬಹುದಂತೆ. ಅದು ದಡ್ಡತನವಲ್ಲವಂತೆ, ಮಗು ಒಳಗೊಳಗೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತದಂತೆ. ಹಾಗಾದರೆ ನಾವು ಏನು ಮಾಡಬೇಕು ಎಂದು ಕೇಳಿದೆ.

'ಉತ್ತರ ಕೇಳ್ಬೇಡಿ ಸರ್. ನೀವು ಕಾಯ್ತಿದ್ದೀರ ಅಂತ ಮಗೂಗೆ ಗೊತ್ತಾಗ್ಲೂಬಾರ್ದು. ಸುಮ್ನೆ ಮಾತಾಡ್ತಾ ಇರಿ.'

ಚಿನ್ನು ನಮ್ಮ ಮನೆಗೆ ಬಂದ ಹೊಸ ದಿನಗಳು ಕಣ್ಣ ಮುಂದೆ ಬಂದವು. ನಾನು ಕೋಟೆ ತಾಲ್ಲೂಕಿನ ಕಾಡಂಚಿನ ಹಾಡಿಯ ಶಾಲೆಯಲ್ಲಿದ್ದಾಗ, ಆ ಹಾಡಿಯ ಅಪ್ಪಾಜಿ ಹೆಂಡತಿ ತೀರಿಕೊಂಡ ಮೇಲೆ ತನ್ನ ಮಗುವನ್ನು ನಿನ್ನ ಮಡಿಲಲ್ಲಿ ಕೂರಿಸಿ ಕೊಡಗಿನ ತೋಟದ ಕೆಲಸಕ್ಕೆ ಹೋದನಲ್ಲ. ಅವಳಿಗೆ ಗೊತ್ತಿದ್ದದ್ದು ಹಾಡಿಯ ನುಡಿ. ನಮ್ಮ ಕನ್ನಡಕ್ಕೆ ಬಾಯೇ ಬಿಡಲಿಲ್ಲ. ನೀನು ರಾಗಿ ಕೇರುತ್ತ ಮಾತಾಡುತ್ತಲೇ ಇದ್ದೆ: ಇದು ಮೊರ, ಇದು ಹೊಟ್ಟು, ಇದು ನಿನ್ನ ಮೂಗು. ಒಂದು ದಿನ ಊಟದ ಮಧ್ಯೆ ತಲೆಯೆತ್ತಿ 'ಉಪ್ಪು ಸಾಲ್ದು' ಅಂದಳು. ಉಪ್ಪು ತರಲು ಒಳಗೆ ಹೋದ ನೀನು ಎಷ್ಟು ಹೊತ್ತಾದರೂ ಬರಲಿಲ್ಲ.

ಅಪ್ಪಾಜಿ ಕರೆಯುತ್ತಿದ್ದ ಹಾಗೆಯೇ ಅವಳೂ ನಿನ್ನನ್ನು ಅಕ್ಕಾ ಎಂದಳು. ನನ್ನನ್ನು ಏನೆಂದೂ ಕರೆಯಲಿಲ್ಲ. ಏನಾದರೂ ಬೇಕಾದಾಗ ಬಂದು ಅಂಗಿ ಎಳೆಯುತ್ತಿದ್ದಳು. ಅಷ್ಟರಲ್ಲೇ ಆರು ವರ್ಷ ಕಳೆಯಿತು.

ಈ ಜೂನ್‌ನಲ್ಲಿ ಅಪ್ಪಾಜಿ ಹಾಡಿಗೆ ಮರಳಿ ಬಂದು ಮಗಳನ್ನು ವಾಪಸು ಕೇಳಿದ. ಕೇಳಬೇಕಾದವನೇ ಕೇಳಿದ. ಅವಳ ಟಿ.ಸಿ. ತರಲು ನಾವು ಹೋದಾಗ ಶಾಲೆಯ ಗುಮಾಸ್ತ ತಲೆಯೆತ್ತದೆ 'ಮಗೂಗೆ ನೀವು ಏನಾಗ್ಬೇಕಮ್ಮ?' ಎಂದ. ಯಾರು ಬಂದರೂ ಕೇಳುವ ಪ್ರಶ್ನೆ. ನೀನು ಬಾಯಿ ತೆರೆದೆ. ಅದು ಹಾಗೇ ಮುಚ್ಚಿಕೊಂಡಿತು. ಅವತ್ತಿನಿಂದ ನೀನು ನನ್ನ ಜೊತೆಗೂ ಮಾತಾಡಿಲ್ಲ, ಯಾರ ಜೊತೆಗೂ ಮಾತಾಡಿಲ್ಲ.

ಅದಕ್ಕೆ ನಾನೂ ಸುಮ್ಮನೆ ಹೇಳುತ್ತಿದ್ದೇನೆ. ಲಕ್ಷ್ಮಣತೀರ್ಥ ಹೊಳೆಯ ನೀರು ಕೆಂಪಗಿದೆ. ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿದೆ. ಮಹದೇವಪ್ಪನವರು ನಿದ್ದೆಯಲ್ಲಿ ಇಂಗ್ಲಿಷ್ ಮಾತಾಡುತ್ತಾರೆ, ಆಗ ಹಕಾರ ಸರಿಯಾಗಿಯೇ ಬರುತ್ತದೆ. ನಾಳೆ ಪಾಠ ಮಾಡಿ ತೋರಿಸಲು ನಮ್ಮನ್ನು ಒಂದೊಂದು ಶಾಲೆಗೆ ಕಳಿಸುತ್ತಾರೆ. ನನಗೆ ಬಂದಿರುವುದು ಅದೇ ಹಾಡಿಯ ಶಾಲೆ. ಬೇರೆ ಕೊಡಿ ಎಂದು ಕೇಳಲು ಎದ್ದವನು ಮತ್ತೆ ಕೂತೆ.

ಮಾತು ತನ್ನ ಪಾಡಿಗೆ ತಾನು ಬರಲಿ. ಬರುವ ತನಕ ನಿನ್ನ ಮನಸ್ಸು ತಣ್ಣಗಿರಲಿ. ಅತ್ತೆಯವರಿಗೆ ನಮಸ್ಕಾರ ತಿಳಿಸು, ಕೈಸನ್ನೆಯಲ್ಲಾದರೂ ಸರಿ.

ನಿನ್ನ
ಜಯರಾಮ

ವಿ.ಸೂ.: ಇದನ್ನು ಡಬ್ಬಿಗೆ ಹಾಕದೆ ಜೇಬಿನಲ್ಲಿಟ್ಟುಕೊಂಡೇ ಹಾಡಿಗೆ ಹೋಗಿ ಬಂದೆ. ಶಾಲೆಯ ಬಾಗಿಲಲ್ಲಿ ಅಪ್ಪಾಜಿ ಸಿಕ್ಕ. ಗುದ್ದಲಿ ಹೆಗಲಿಗೇರಿಸಿ ಹೊಲಕ್ಕೆ ಹೊರಟಿದ್ದ. 'ಅಕ್ಕಾರು ಎಂಗವ್ರೆ ಸಾ?' ಎಂದ. ಮಿರ್ಲೆಯಲ್ಲಿದ್ದಾಳೆ ಎಂದೆ. ಅವನ ಹಿಂದೆ ಚಿನ್ನು ನಿಂತಿದ್ದಳು. ಜಡೆಯನ್ನು ಯಾರೋ ನೀನು ಹಾಕುವುದಕ್ಕಿಂತ ಬಿಗಿಯಾಗಿ ಹಾಕಿದ್ದರು.

ಮನೆಯವರು ಎಲ್ಲೆಲ್ಲಿದ್ದಾರೆ ಎಂದು ಹೇಳುವ ಪಾಠ. ನಾನು ಹೇಳಿಕೊಟ್ಟ ಹಾಗೆ ಮಕ್ಕಳು ಒಬ್ಬೊಬ್ಬರಾಗಿ ಎದ್ದು 'ಮೈ ಮದರ್ ಈಸ್ ಇನ್ ದಿ ಔಸ್' ಎಂದರು. ನಾನು ತಿದ್ದಲಿಲ್ಲ. ಚಿನ್ನುವಿನ ಸರದಿ ಬಂದಾಗ ಹೇಳು ಎನ್ನಲಿಲ್ಲ, ಕಿಟಕಿಯ ಕಡೆ ನೋಡಿದೆ. ಅವಳು ಕೈಕಟ್ಟಿ ಎದ್ದಳು.

'ಮೈ ಫಾದರ್ ಈಸ್ ಇನ್ ದಿ ಫೀಲ್ಡ್. ಮೈ ಮದರ್ ಈಸ್ ಇನ್ ಮಿರ್ಲೆ.'

ನನ್ನ ಪಾಠ ನೋಡಲು ಬಂದು ಹಿಂದೆ ಕೂತಿದ್ದ ಗೌತಮಿ ವಾಕ್ಯ ಸರಿಯಾಗಿದೆ ಎಂಬಂತೆ ತಲೆಯಾಡಿಸಿದಳು. ನಾನು 'ವೆರಿ ಗುಡ್' ಎಂದೆ. 'ಥ್ಯಾಂಕ್ಯೂ ಸಾರ್' ಎಂದು ಚಿನ್ನು ಕೂತಳು.

ಗುಮಾಸ್ತ ಕೇಳಿದ್ದು ನಿನ್ನನ್ನು. ಉತ್ತರವನ್ನು ಇದ್ದ ಹಾಗೇ ನಿನಗೆ ಕಳಿಸಿದ್ದೇನೆ. ಪಾಠಕ್ಕೆಂದು ನಾನು ಇನ್‌ಶರ್ಟ್ ಮಾಡಿಕೊಂಡಿದ್ದೆ. ಶಾಲೆ ಬಿಟ್ಟ ಮೇಲೆ, ಬಸ್ಸು ಬರುವ ತನಕ, ಅಂಗಿಯನ್ನು ಎಳೆಯಲು ಸಿಗುವ ಹಾಗೆ ಹೊರಗೆ ಬಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದೆ.