ಬೇಲಿ ಸಾಮಾನು

ಹುಣಸಮಾರನಹಳ್ಳಿ
೧೬ ನವೆಂಬರ್ ೨೦೨೪, ಶನಿವಾರ

ಪ್ರೀತಿಯ ಯಜಮಾನರೇ,

ಆರೋಗ್ಯ ಹೇಗಿದೆ? ಅಲ್ಲಿ ಹಿಮ ಬೀಳತೊಡಗಿದೆ ಎಂದು ಟಿವಿಯಲ್ಲಿ ತೋರಿಸಿದರು. ಕಾಲ್ಬೆರಳು ಮತ್ತೆ ಮರಗಟ್ಟಿಲ್ಲ ತಾನೆ? ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ, ಜೊತೆಯವರು ನಕ್ಕರೆ ನಗಲಿ. ಮೇಲಿನ ಗಡಿ ಪೋಸ್ಟಿನಲ್ಲಿ ಫೋನು ಸಿಗುವುದಿಲ್ಲ, ಕಾಗದವಾದರೆ ಹೆಲಿಕಾಪ್ಟರಿನಲ್ಲಿ ಬಂದೀತು ಎಂದಿದ್ದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಅತ್ತೆ, ನಯನಾ, ನಾನು ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಮಗಳಿಗೆ ಮುಂದಿನ ಹಲ್ಲು ಬಿದ್ದಿದೆ, ‘ಅಪ್ಪ’ ಅಂದರೆ ಗಾಳಿಯೇ ಜಾಸ್ತಿ ಬರುತ್ತದೆ.

ಸಮಾಚಾರ ಏನೆಂದರೆ, ಹೊಲಕ್ಕೆ ಬೇಲಿ ಹಾಕಿದೆವು. ಹಾಕಿಸಿದೆವು ಎಂದು ಓದಿಕೊಳ್ಳಬೇಡಿ. ನಾವೇ ಹಾಕಿದೆವು. ಪೂರ್ವಕ್ಕಿರುವ ಜಮೀನು ಲೇಔಟ್ ಆಗುತ್ತಿದೆಯಲ್ಲ, ದೀಪಾವಳಿಯ ಹೊತ್ತಿಗೆ ಜೆಸಿಬಿ ಬಂದು ಮಣ್ಣು ಸುರಿದು ಮಟ್ಟ ಮಾಡಿತು. ನೋಡಿದರೆ ನಮ್ಮ ಮೂಲೆಯ ಗಡಿಕಲ್ಲೇ ಇಲ್ಲ! ಅವರು ಕಟ್ಟಿದ ದಾರ ನಮ್ಮ ಸೇವಂತಿಗೆ ಸಾಲಿನ ಮೇಲೆ ಹಾದು, ಬೋರ್‌ವೆಲ್ಲನ್ನೂ ಆಚೆಗೆ ಹಾಕಿತ್ತು. ಅಲ್ಲಿನ ಸೂಪರ್‌ವೈಸರ್ ನರೇಂದ್ರನನ್ನು ಕೇಳಿದೆ. “ಕಲ್ಲೇ ಇಲ್ವಲ್ಲ ಮೇಡಂ. ಸೋಮವಾರ ಕಾಂಪೌಂಡ್ ಎಬ್ಬಿಸ್ತೀವಿ, ಬೇಕಾದ್ರೆ ಆಮೇಲ್ ಸರ್ವೆ ಮಾಡ್ಸಿ” ಅಂದ. ಸರ್ವೆಯವರು ಬರುವುದು ಮುಂದಿನ ವಾರವಂತೆ. ಅಷ್ಟರಲ್ಲಿ ಗೋಡೆ ಎದ್ದರೆ ಕೆಡವುವವರು ಯಾರು?

ಚಿಕ್ಕಬಾಣಾವರದಲ್ಲಿ ಬೇಲಿ ಹಾಕುವ ಕದಿರಪ್ಪನವರ ಮನೆಗೆ ಓಡಿದೆ. ಅವರೋ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದಾರೆ. “ನಾನ್ ಬರಕ್ಕಾಗಲ್ಲ ಕಣಮ್ಮ, ಸಾಮಾನ್ ತಗೊಂಡೋಗು. ಕೈ ಜೋಪಾನ” ಎಂದು ಕುರ್ಚಿಯಿಂದಲೇ ಒಂದೊಂದನ್ನೂ ಹಿಡಿದು ತೋರಿಸಿಕೊಟ್ಟರು. ಲಗೇಜ್ ಆಟೋದಲ್ಲಿ ಎಲ್ಲವನ್ನೂ ತಂದು ಹೊಂಗೆ ಮರದ ಕೆಳಗೆ ಹರಡಿದೆ. ಹಾರೆ, ಸಲಿಕೆ, ದಾರದುಂಡೆ, ತೂಕದ ಗುಂಡು, ಉದ್ದ ಹಿಡಿಯ ಇಕ್ಕಳ, ಮೊಣಕೈವರೆಗೆ ಬರುವ ಚರ್ಮದ ಕೈಗವಸು, ತಂತಿ ಎಳೆಯುವ ಜಾಕಿ, ಕೊನೆಗೆ ಪೆಟ್ರೋಲಿನ ಗುಂಡಿ ಡ್ರಿಲ್ಲು. ಹಿತ್ತಾಳೆಯ ಆ ಪುಟ್ಟ ಗುಂಡು ದಾರದಲ್ಲಿ ತೂಗಾಡಿ ತೂಗಾಡಿ ತಾನಾಗಿ ನಿಂತಾಗ, ಆಳೆತ್ತರದ ಕಲ್ಲುಕಂಬವೂ ಅದು ಹೇಳಿದಂತೆ ನಿಲ್ಲಬೇಕಲ್ಲ ಎಂದು ನನಗೆ ಮೈ ಜುಮ್ಮೆಂದಿತು. ಡ್ರಿಲ್ಲು ಮೊದಲ ಸಲ ನನ್ನನ್ನೇ ತಿರುಗಿಸಿ ಕೆಡವಿತು. ಪಕ್ಕದ ಮನೆಯ ನಂದಿತಾಗೆ ಅವತ್ತು ಬಸ್ ಡ್ಯೂಟಿ ಇರಲಿಲ್ಲ. ಅವಳೂ ಇನ್ನೊಂದು ಹಿಡಿ ಹಿಡಿದಳು, ಆಗ ಬಗ್ಗಿತು.

ಆದರೆ ಮೂಲೆ ಎಲ್ಲಿ? ಅತ್ತೆ ಮಂಡಿ ಹಿಡಿದುಕೊಂಡೇ ಬಂದರು. “ಇಲ್ಲೇ ಎಲ್ಲೋ ಕಣಮ್ಮಿ, ನನ್ಗೂ ಸರ್ಯಾಗ್ ಗ್ಯಾಪ್ಕ ಇಲ್ಲ. ನಿಮ್ ಮಾವ ಕಲ್ ನೆಡ್ವಾಗ ಅಡೀಗೆ ಗುರ್ತಿಗೆ ಅಂತ ಇದ್ದಲು, ಮಡ್ಕೆ ಚೂರು ಆಕಿದ್ರು. ಇದ್ದಲ್ನ ಗೆದ್ದಲು ತಿನ್ನಲ್ಲ, ಮಳೆ ಕೊಳೆಸಲ್ಲ” ಅಂದರು. ಕೊರೆದೆವು. ಸುರಿದ ಬೂದು ಮಣ್ಣಿನ ಕೆಳಗೆ ಬರೀ ಕೆಮ್ಮಣ್ಣು. ಇನ್ನೊಂದು ಕಡೆ ಕೊರೆದೆವು, ಅಲ್ಲೂ ಕೆಂಪೇ. ಅತ್ತೆಯ ಮುಖ ಸಣ್ಣದಾಯಿತು. ಇನ್ನೂ ಎರಡು ಮಾರು ಈಚೆಗೆ ಕೊರೆದಾಗ ಡ್ರಿಲ್ಲಿನ ಸುರುಳಿ ಕರ್ರಗೆ ಮೇಲೆ ಬಂತು.

ಯಂತ್ರ ನಿಲ್ಲಿಸಿಬಿಟ್ಟೆ. ಇದ್ದಲು ಕಣ್ರೀ, ಇವತ್ತು ಒಲೆಯಿಂದ ತೆಗೆದ ಹಾಗೆ ಹೊಳೆಯುತ್ತಿತ್ತು. ಜೊತೆಗೆ ಮಡಕೆಯ ಕಂಠದ ಚೂರು. ಅತ್ತೆ ಅಂಗೈಯಲ್ಲಿಟ್ಟುಕೊಂಡು, “ನಾನೇ ಕಣೆ ಒಲೆಯಿಂದ ಬಳ್ದು ಕುಕ್ಕೇಲಿ ಒತ್ಕೊಂಡ್ ಬಂದಿದ್ದು. ಆಗ ಒಸ ಮದ್ವೆ, ಕಾಲುಂಗ್ರ ಇನ್ನೂ ಒತ್ತೋದು” ಅಂದರು. ನೀವು ಹುಟ್ಟುವುದಕ್ಕೂ ಮೊದಲು ಉರಿದ ಬೆಂಕಿ ಅದು. ನಾನು ಮದುವೆಯಾಗಿ ಬಂದಾಗಿನಿಂದ ಅದರ ಮೇಲೇ ಓಡಾಡುತ್ತಿದ್ದೆ.

ನರೇಂದ್ರ ಬಂದು ಬಗ್ಗಿ ನೋಡಿದ. ಇದ್ದಲನ್ನು ಬೆರಳಲ್ಲಿ ಉಜ್ಜಿದ. “ನಮ್ ತಾತನೂ ಇಂಗೇ ಮಾಡ್ತಿದ್ರಂತೆ ಅಜ್ಜಿ, ನಾನ್ ಕಥೆ ಅನ್ಕೊಂಡಿದ್ದೆ” ಅಂದು ಲೇಔಟಿನ ಮಾಲೀಕರಿಗೆ ಫೋನು ಹಚ್ಚಿದ. ಸರ್ವೆ ಆಗುವವರೆಗೂ ಗೋಡೆ ಬೇಡ ಎಂದಾಯಿತು. ಇದ್ದಲು ಸಿಕ್ಕ ಗುಂಡಿಯಲ್ಲೇ ನಾವು ಮೂಲೆಗಂಬ ನೆಟ್ಟೆವು. ಮೊನ್ನೆ ಸರ್ವೆಯವರು ಬಂದು ಅಳೆದರು. ಅವರ ಗುರುತು ನಮ್ಮ ಮೂಲೆಗಂಬದ ಬುಡಕ್ಕೇ ಬಿತ್ತು, ಗೇಣಷ್ಟೂ ವ್ಯತ್ಯಾಸವಿಲ್ಲ. ನರೇಂದ್ರ ತಾನೇ ದಾರ ಬಿಚ್ಚಿ ಆಚೆ ಕಟ್ಟಿಕೊಂಡ.

ನಿನ್ನೆ ತಂತಿ ಎಳೆದು ಮುಗಿಸಿದೆವು. ಜಾಕಿ ಒಂದೊಂದು ಹಲ್ಲು ದಾಟಿದಂತೆ ಜೋತಿದ್ದ ತಂತಿ ನೆಟ್ಟಗಾಗುತ್ತದೆ. ಅತ್ತೆ ಒಮ್ಮೆ ಬೆರಳಿನಿಂದ ಮೀಟಿದರು ನೋಡಿ, ಇಡೀ ಹೊಲದ ಉದ್ದಕ್ಕೂ ಝೇಂಕಾರ ಓಡಿತು. ನಯನಾ ಆ ತುದಿಯ ಕಂಬಕ್ಕೆ ಕಿವಿಯಿಟ್ಟು “ಬಂತು ಬಂತು” ಎಂದು ಕುಣಿದಳು.

ಅಮ್ಮನ ಆಶೀರ್ವಾದ, ಮಗಳ ಮುತ್ತು, ನಂದಿತಾಳ ನಮಸ್ಕಾರ ಎಲ್ಲವೂ ಈ ಕಾಗದದೊಳಗಿವೆ. ಚಳಿಯಲ್ಲಿ ಹುಷಾರು.

ನಿಮ್ಮ
ನಾಗಲಕ್ಷ್ಮಿ

ತಾಜಾಕಲಂ: ಅಂಚೆಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ಕದಿರಪ್ಪನವರು ಇನ್ನು ಈ ಕೆಲಸ ಮಾಡುವುದಿಲ್ಲವಂತೆ. ಸಾಮಾನನ್ನೆಲ್ಲ ನಾನೇ ಕೊಂಡುಕೊಂಡೆ, ನಿಮ್ಮ ಬುಲೆಟ್ ಮಾರಿ. ಹೆಸರಘಟ್ಟ ರಸ್ತೆಯಲ್ಲಿ ಒಂದು ತೋಟದ ಬೇಲಿ ಒಪ್ಪಿಕೊಂಡಿದ್ದೇವೆ, ನಾನು ಮತ್ತು ನಂದಿತಾ. ನಾಳೆ ಬೆಳಿಗ್ಗೆ ಶುರು. ಬೈಯುವುದಿದ್ದರೆ ಊರಿಗೆ ಬಂದು ಬೈಯಿರಿ.