ಮುಂದಿನ ಚಕ್ರದ ಮೇಲೆ ಭಾರ

ಏಪ್ರಿಲ್ ೪, ಸಂಜೆ

ಮತ್ತೆ ಚೈನ್ ತೊಳೆಯುವ ಕೆಲಸ. ಬೆಟ್ಟದಲ್ಲಿ ಓಡಿಸುವವಳು ಅಕ್ಕನ ಮಗಳು, ಕೆಸರು ಉಜ್ಜುವವಳು ನಾನು. ಕೋಚ್ ಅಂತ ಹೆಸರು ಬೇರೆ! ಆದರೂ ಹೊಸ ಸೈಕಲ್ ಎಂಥ ಚೆಂದ... ಪೆಡಲ್ ಹತ್ತಿರ ಮೂರು ಹಲ್ಲುಚಕ್ರ ಇದ್ದಲ್ಲಿ ಈಗ ಒಂದೇ, ಚೈನ್ ಕಳಚುವ ಮಾತೇ ಇಲ್ಲ. ಗುಂಡಿ ಒತ್ತಿದರೆ ಸೀಟು ಸರ್ರನೆ ಕೆಳಗೆ. ನನ್ನ ರೇಸುಗಳ ಕಾಲದಲ್ಲಿ ಕುಲುಕು ತಡೆಯುವ ಸ್ಪ್ರಿಂಗೂ ಇರಲಿಲ್ಲ. ಮನೆಗೆ ಬಂದು ಲೋಟ ಹಿಡಿದರೂ ಕೈ ನಡುಗುತ್ತಿತ್ತು.

ಇಪ್ಪತ್ತಕ್ಕೆ ಆಯ್ಕೆಯ ರೇಸ್. ಅಲ್ಲಿ ಬಿದ್ದರೆ ಹುಡುಗಿ ತಂಡದಿಂದ ಹೊರಗೆ.

ಏಪ್ರಿಲ್ ೬

ಕಲ್ಲುತಿರುವಿನಲ್ಲಿ ಬಿದ್ದಳು. ಮೊಣಕೈ ತರಚಿದೆ. "ಹಿಂದಕ್ಕೆ ಹೋಗೇ! ಸೊಂಟ ಹಿಂದಕ್ಕೆ!" ಅಂತ ಗಂಟಲು ಹರಿದುಕೊಂಡೆ. ನಮ್ಮ ಕಾಲದಲ್ಲಿ ಇಳಿಜಾರಿನಲ್ಲಿ ಹಿಂದಕ್ಕೆ ಹೋಗದವಳು ಹ್ಯಾಂಡಲ್ ಮೇಲಿಂದ ಹಾರಿ ಮೂತಿ ಜಜ್ಜಿಕೊಳ್ಳುತ್ತಿದ್ದಳು. ಕೇಳಬೇಕಲ್ಲ ಇವಳು.

ಏಪ್ರಿಲ್ ೭

ಅದೇ ತಿರುವು, ಅದೇ ಮೊಣಕೈ. ಮುಂದಿನ ಚಕ್ರ ಜಾರಿತು.

"ನೀನು ಹೇಳಿದಷ್ಟೂ ಹಿಂದಕ್ಕೆ ಹೋಗಿದ್ದೆ ಚಿಕ್ಕಮ್ಮ."

"ಇನ್ನೂ ಹೋಗು" ಅಂದೆ. ಸೈಕಲ್ ನನ್ನ ಅಂಗಳದಲ್ಲೇ ಬಿಸಾಕಿ ಹೊರಟುಹೋದಳು.

ಏಪ್ರಿಲ್ ೧೫

ಇಷ್ಟು ದಿನ ಹುಡುಗಿ ಇತ್ತ ಸುಳಿದಿಲ್ಲ. ಇವತ್ತು ಅಕ್ಕನ ಫೋನ್: "ರೇಸೇ ಬೇಡ, ಸೈಕಲ್ ಮಾರಿಬಿಡ್ತೀನಿ ಅಂತಿದ್ದಾಳೆ. ಏನ್ ಮಾಡಿಟ್ಟೆ ನೀನು?" ನಾನು ಹೇಳಿಕೊಟ್ಟದ್ದರಲ್ಲಿ ತಪ್ಪೇನಿದೆ, ನೋಡೇಬಿಡೋಣ ಅಂದುಕೊಂಡೆ.

ಷೆಡ್ಡಿನಿಂದ ನನ್ನ ಹಳೇ ಸೈಕಲ್ ಎಳೆದು ಅವಳದರ ಪಕ್ಕ ನಿಲ್ಲಿಸಿದೆ, ಪೆಡಲಿಗೆ ಪೆಡಲ್ ಸರಿಯಾಗಿ. ಅಬ್ಬಾ! ನನ್ನದರ ಮುಂದಿನ ಚಕ್ರ ಕಾಲಬುಡದಲ್ಲೇ. ಅವಳದು ಗೇಣುದ್ದ ಮುಂದೆ ಚಾಚಿದೆ. ಆ ಚಕ್ರ ಹಿಡಿದಿರುವ ಫೋರ್ಕ್ ಒರಗುಕುರ್ಚಿಯ ಬೆನ್ನಿನ ಹಾಗೆ ವಾಲಿದೆ.

ಹೆಲ್ಮೆಟ್ ಹಾಕಿ ಅವಳದರಲ್ಲೇ ಇಳಿದೆ. ತಿರುವಿನಲ್ಲಿ ಹಿಂದಕ್ಕೆ ಹೋದೆ — ಮುಂದಿನ ಚಕ್ರದ ಮೇಲೆ ಭಾರವೇ ಇಲ್ಲ! ಜಾರಿತು. ದೊಪ್ಪನೆ ಬಿದ್ದೆ. ಎದ್ದು ಮತ್ತೆ ಇಳಿದೆ. ಈ ಸಲ ಎದೆ ಹ್ಯಾಂಡಲ್ ಮೇಲಕ್ಕೆ ತಂದೆ. ಹ್ಯಾಂಡಲ್ ಮೇಲಿಂದ ಹಾರಿಯೇಬಿಟ್ಟೆ ಅಂದುಕೊಂಡೆ. ಚಕ್ರ ನೆಲ ಕಚ್ಚಿತು, ತಿರುಗಿಯೇಬಿಟ್ಟಿತು. ಒಬ್ಬಳೇ ನಿಂತು ನಕ್ಕೆ. ಮುಂದಕ್ಕೆ ಹಾರಿ ಬೀಳದಿರಲು ನಾವು ಪ್ರಾಣಭಯದಲ್ಲಿ ಸೊಂಟದಿಂದ ಮಾಡುತ್ತಿದ್ದುದನ್ನು ಸೈಕಲ್ಲಿಗೇ ಕಲಿಸಿಟ್ಟಿದ್ದಾರೆ. ಯಾರು ಕೂತು ಯೋಚಿಸಿದರೋ, ಪುಣ್ಯಾತ್ಮರು!

ನಾನು ಮಾತ್ರ ಹಳೇ ಸೈಕಲ್ಲಿನ ಪಾಠವನ್ನೇ ಹೇಳುತ್ತಿದ್ದೆ.

ಏಪ್ರಿಲ್ ೧೬

ಅಕ್ಕನ ಮನೆಗೆ ಹೋಗಿ ಹುಡುಗಿಗೆ ನನ್ನ ತರಚಿದ ಮೊಣಕೈ ತೋರಿಸಿದೆ. "ತಪ್ಪು ನಿಂದಲ್ಲ ಕಣೇ, ನಂದು. ಮುಂದಕ್ಕೆ ಬಾ ಅನ್ಬೇಕಿತ್ತು."

"ಈ ವಯಸ್ಸಲ್ಲಿ ನಿಂಗ್ಯಾಕೆ ಬೇಕಿತ್ತು ಚಿಕ್ಕಮ್ಮ?" ಅಂದಳು. ಆಮೇಲೆ ಬಿದ್ದು ಬಿದ್ದು ನಕ್ಕಳು. ಹತ್ತಿ ತಂದು ಗಾಯ ಒರೆಸಿದಳು. ನಾಳೆ ಬೆಳಿಗ್ಗೆ ಬರುತ್ತಾಳಂತೆ.

ಏಪ್ರಿಲ್ ೨೦, ಮಧ್ಯಾಹ್ನ

ಕಲ್ಲುತಿರುವಿನಲ್ಲಿ ಹಗ್ಗದ ಹೊರಗೆ ನಿಂತಿದ್ದೆ. ಬಂದಳು. ಹಳೇ ಚಾಳಿ — "ಹಿಂದಕ್ಕೆ" ಅನ್ನಲು ಬಾಯಿ ತೆರೆದೇಬಿಟ್ಟಿದ್ದೆ. ಎರಡೂ ಕೈಯಿಂದ ಮುಚ್ಚಿಕೊಂಡೆ. ಎದೆ ಮುಂದೆ, ಮೊಣಕೈ ಅಗಲ... ದಾಟಿದಳು! ಅತ್ತುಬಿಟ್ಟೆ, ಸುಳ್ಳೇಕೆ.

ತಂಡದಲ್ಲಿ ಉಳಿದಳು. ಈಗ ರೇಸಿನ ಡೇರೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದರೆ ಹೊರಗಿಂದ ಕಿರುಚುತ್ತಿದ್ದಾಳೆ. ನನಗೂ ಒಂದು ಹೊಸ ಸೈಕಲ್ ಕೇಳಿ ತಂದಿದ್ದಾಳೆ, ಗೆಳತಿಯದು. "ಬಾ ಚಿಕ್ಕಮ್ಮ, ನಾನು ಮುಂದೆ ಹೋಗ್ತೀನಿ, ನನ್ನ ನೋಡ್ಕೊಂಡು ಇಳಿ. ಹೆದರ್ಬೇಡ."

ಚಿಕ್ಕವಳಿದ್ದಾಗ ನಾನು ಅವಳಿಗೆ ಹೇಳುತ್ತಿದ್ದ ಮಾತು ಅದು. ಬಂದೆ ತಾಳೇ, ಹೆಲ್ಮೆಟ್ ಹಾಕ—