ತೊಟ್ಟಿಯೊಳಗಿನ ಮೀನು

ಮನೆ ಮಾಲೀಕರಿಗೆ ನಮಸ್ಕಾರ.

ನನ್ನ ಕಾದಂಬರಿಯ ಕಲ್ಪನಾಲೋಕಕ್ಕೆ ಸ್ಲಾವಿಕ್ ಪುರಾಣದ ಡ್ರ್ಯಾಗನ್‌ಗಳನ್ನು ಒಗ್ಗಿಸುತ್ತಿದ್ದೇನೆ. ಆ ಪುರಾಣದ ಪ್ರಕಾರ ಸರೋವರದಲ್ಲಿ ನಲವತ್ತು ವರ್ಷ ಯಾರ ಕಣ್ಣಿಗೂ ಬೀಳದ ಮೀನು ಡ್ರ್ಯಾಗನ್ ಆಗುತ್ತದಂತೆ. ನಡುವೆ ಒಬ್ಬರು ನೋಡಿದರೂ ಮೀನಾಗಿಯೇ ಉಳಿಯುತ್ತದೆ. ಸರೋವರದ ಬದಲು ನಾನಿರುವ ನಿಮ್ಮ ಕೆಳಮನೆಯ ಅಡುಗೆಮನೆಯ ನೆಲದಡಿಯ ನೀರಿನ ತೊಟ್ಟಿಯನ್ನೇ ಬರೆದುಕೊಂಡೆ.

ಮನೆ ತೋರಿಸುವಾಗ ನೀವು ನಕ್ಕಿದ್ದಿರಿ: "ಸೊಳ್ಳೆ ಮರಿ ತಿನ್ಲಿ ಅಂತ ಅಪ್ಪ ಒಂದು ಮೀನು ಬಿಟ್ಟಿದ್ರು ಮೇಡಂ. ಆಮೇಲೆ ಸಿಮೆಂಟ್ ಹಾಕಿ ಮುಚ್ಚಿಬಿಟ್ರು. ಇನ್ಮೇಲೆ ನಿಮಗೆ ಅದೇ ಕಾವಲು!"

ಸಿಮೆಂಟಿನ ಮೇಲೆ ಗೀಚಿದ ತಾರೀಖಿನ ಪ್ರಕಾರ ಭಾನುವಾರಕ್ಕೆ ನಲವತ್ತು ವರ್ಷ. ನಾಲ್ಕು ದಿನದಿಂದ ಅಲ್ಲಿ ನೆಲ ಬಿಸಿಯಾಗಿದೆ. "ಬೆಚ್ಚಗಿದೆ ಅಮ್ಮಾ" ಎಂದು ಮಗಳು ಅಲ್ಲೇ ಮಲಗುತ್ತಾಳೆ.

ದಯವಿಟ್ಟು ಶನಿವಾರದೊಳಗೆ ಗಾರೆಯವರನ್ನು ಕರೆತಂದು ಒಡೆಸಿ. ನಿನ್ನೆ ನಾನೇ ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿದೆ. ಕೆಳಗಿನಿಂದಲೂ ಒಂದು ಪೆಟ್ಟು ಬಂತು.

ನಿಮ್ಮ ದಾರಿ ಕಾಯುತ್ತಿರುವ,
ಕೆಳಮನೆಯ ಬಾಡಿಗೆದಾರಳು